ಅಮ್ಮನ ಹೂಜಿಯ ನೀರು

ತಂಗಿ ಹೆರಿಗೆಗೆಂದು ಬಸವೇಶ್ವರನಗರದ ನಮ್ಮ ಮನೆಗೆ ಬಂದಾಗ ಬೇಸಿಗೆ ಪೂರ್ತಿ ಏರಿತ್ತು. ತಾರಸಿಯ ಕಾವು ಸಂಜೆಯ ಹೊತ್ತಿಗೆ ಗೋಡೆ ಮುಟ್ಟಿದರೂ ತಿಳಿಯುತ್ತಿತ್ತು. ಅವಳಿಗೆ ಏಳು ತಿಂಗಳು ತುಂಬಿತ್ತು. ಗಂಡ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದರು. ಮನೆಯಲ್ಲಿ ಇದ್ದವರು ಅಪ್ಪ ಮತ್ತು ನಾನು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ರಜೆ ಇದ್ದುದರಿಂದ ಹಗಲೆಲ್ಲ ಮನೆಯಲ್ಲೇ ಇದ್ದೆ. ಹಿಂದಿನ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಿದ್ದಳು. ಬಾಣಂತನ ಮಾಡಬೇಕಾದವಳೇ ಇಲ್ಲದ ತವರಿಗೆ ತಂಗಿ ಬಂದಿದ್ದಳು.

ಅವಳು ಅಮ್ಮನ ರೂಮೇ ಬೇಕೆಂದಳು. ಹಿಂಬದಿಯಲ್ಲಿ ತೆಂಗಿನ ಮರದ ನೆರಳಿಗಿರುವ ರೂಮು; ಮನೆಯಲ್ಲಿ ತಂಪಾಗಿರುವುದು ಅದೊಂದೇ. ಎದುರು ಮನೆಯ ಆಂಟಿ ಗೇಟಿನ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು.

"ಬಸುರಿ ಹುಡುಗೀನ ಆ ರೂಮಲ್ಲಿ ಮಲಗಿಸ್ತಾ ಇದೀರಂತೆ? ವರ್ಷ ತುಂಬಿಲ್ಲ ಕಣಮ್ಮ ಇನ್ನೂ."

"ಅಮ್ಮನ ರೂಮ್ ತಾನೆ ಆಂಟಿ," ಎಂದೆ.

"ಅದಕ್ಕೇ ಹೇಳ್ತಾ ಇರೋದು," ಎಂದು ಅವರು ಒಳಗೆ ಹೋದರು.

ರೂಮಿನ ಮೂಲೆಯಲ್ಲಿ, ಅಮ್ಮನ ಮಂಚದ ತಲೆಯ ಕಡೆ, ಒಂದು ಮಣ್ಣಿನ ಹೂಜಿ ಇತ್ತು. ಅಮ್ಮ ಫ್ರಿಜ್ಜಿನ ನೀರನ್ನು ಬಾಯಿಗೆ ಹಾಕಿದವಳಲ್ಲ. ಕುರುಬರಹಳ್ಳಿಯ ರಸ್ತೆ ಬದಿಯಲ್ಲಿ ಮಡಕೆ ಮಾರುವವರಿಂದ ಪ್ರತಿ ಬೇಸಿಗೆಗೂ ಹೊಸ ಹೂಜಿ ತಂದು ಅದರದ್ದೇ ನೀರು ಕುಡಿಯುತ್ತಿದ್ದಳು. ಪ್ರಾಣ ಹೋದ ಜಾಗದಲ್ಲಿ ದೀಪವನ್ನೂ ಕುಡಿಯುವ ನೀರನ್ನೂ ಇಡುವುದು ನಮ್ಮಲ್ಲಿ ಪದ್ಧತಿ. ಅಪ್ಪ ಚೊಂಬಿನ ಬದಲು ಅವಳ ಹೂಜಿಯನ್ನೇ ಇಟ್ಟಿದ್ದರು. ಕರ್ಮಗಳೆಲ್ಲ ಮುಗಿದ ಮೇಲೆ ಇವನ್ನು ತೆಗೆಯುತ್ತಾರೆ. ದೀಪ ತೆಗೆದೆವು. ಹೂಜಿಯನ್ನು ತೆಗೆಯಲು ಅಪ್ಪ ಬಿಡಲಿಲ್ಲ.

ಬೆಳಗ್ಗೆ ಸ್ನಾನವಾದ ಮೇಲೆ ಅವರು ಒಂದು ಚೊಂಬು ನೀರು ತಂದು ಹೂಜಿಯನ್ನು ಕಂಠದವರೆಗೆ ತುಂಬುತ್ತಿದ್ದರು. ಹಳೆಯ ನೀರನ್ನು ಎಂದೂ ಚೆಲ್ಲುತ್ತಿರಲಿಲ್ಲ. ಒಬ್ಬರು ಕುಡಿಯುತ್ತಿರುವ ನೀರನ್ನು ಅವರ ಮುಂದಿನಿಂದ ತೆಗೆದು ಚೆಲ್ಲಬಾರದು ಎನ್ನುವುದು ಅವರ ಲೆಕ್ಕ. ಬಾಯಿಗೆ ಮುಚ್ಚಳವನ್ನೂ ಇಡುತ್ತಿರಲಿಲ್ಲ. ನಾನು ಒಮ್ಮೆ ತಟ್ಟೆ ಮುಚ್ಚಿದ್ದೆ. ಮರುದಿನ ಅದು ಅಡುಗೆಮನೆಗೆ ವಾಪಸು ಬಂದಿತ್ತು.

"ಅವಳು ಹೆಂಗೆ ತೆಗೀತಾಳೆ ಅದನ್ನ?" ಎಂದಷ್ಟೇ ಕೇಳಿದ್ದರು.

ಚಳಿಗಾಲದಲ್ಲಿ ನೀರು ಸ್ವಲ್ಪವೇ ಇಳಿಯುತ್ತಿತ್ತು. ಬೇಸಿಗೆ ಬಂದಂತೆ ಬೆಳಗಾಗುವಷ್ಟರಲ್ಲಿ ಕೈಯಗಲ ಇಳಿದಿರುತ್ತಿತ್ತು. ಅಪ್ಪ ನಮ್ಮಿಬ್ಬರನ್ನೂ ಕರೆದು ತೋರಿಸಿದರು. ಅವರ ಮುಖದಲ್ಲಿ ಬಹಳ ದಿನಗಳಿಂದ ಕಾಣದಿದ್ದ ಒಂದು ನೆಮ್ಮದಿ ಇತ್ತು.

"ನೋಡಿ, ಎಷ್ಟು ಕುಡಿದಿದಾಳೆ. ಬೇಸಿಗೆ ಅಲ್ವಾ, ಬಾಯಾರಿಕೆ ಜಾಸ್ತಿ."

ಮಣ್ಣು ನೀರನ್ನು ಹೀರಿ ಬೆವರುತ್ತದೆ, ಬಿಸಿಲಿಗೆ ಅದು ಆರುತ್ತದೆ. ಇದನ್ನು ನಾನು ಮಕ್ಕಳಿಗೆ ಪಾಠದಲ್ಲಿ ಹೇಳುತ್ತೇನೆ. ಅಪ್ಪನಿಗೆ ಹೇಳಲಿಲ್ಲ. ತಂಗಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

ಆ ವರ್ಷ ನಮ್ಮ ಬೀದಿಯಲ್ಲಿ ಡೆಂಗಿಯ ಮಾತು ಬೇಗನೆ ಶುರುವಾಗಿತ್ತು. ಬಸುರಿಯರಿಗೆ ಬಂದರೆ ತಾಯಿಗೂ ಮಗುವಿಗೂ ಕಷ್ಟ ಎಂದು ಡಾಕ್ಟರು ತಂಗಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಹಾಗಾಗಿ ಒಂದು ಸೊಳ್ಳೆಯೂ ಅವಳ ಹತ್ತಿರ ಬರಬಾರದು ಎಂದು ನಾನೂ ಅಪ್ಪನೂ ನಿಶ್ಚಯಿಸಿದೆವು. ಸೊಳ್ಳೆ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ನಮ್ಮ ಕಡೆ ಯಾರಿಗೂ ಅನುಮಾನವಿಲ್ಲ: ರಾಜಕಾಲುವೆಯ ದೊಡ್ಡ ಮೋರಿಯಿಂದ. ಬೇಸಿಗೆಯಲ್ಲಿ ಅದರ ಕಪ್ಪು ನೀರು ನಿಂತು ನಾತ ಹೊಡೆಯುತ್ತದೆ. ಹೊತ್ತು ಇಳಿದಂತೆ ಅಲ್ಲಿಂದ ಹಿಂಡು ಏಳುತ್ತದೆ. ಆದ್ದರಿಂದ ಸಂಜೆ ದೀಪ ಹಚ್ಚುವ ಮೊದಲೇ ಮನೆಯ ಎಲ್ಲ ಕಿಟಕಿ ಬಾಗಿಲು ಮುಚ್ಚುವುದು ಇಲ್ಲಿಯ ಪ್ರತಿ ಮನೆಯ ಅಭ್ಯಾಸ. ನಾವೂ ಮುಚ್ಚಿದೆವು.

ಅಮ್ಮನ ರೂಮಿನ ಕಿಟಕಿಗೆ ಹೊಸ ಜಾಲರಿ ಹಾಕಿಸಿದೆ. ಬಾತ್‌ರೂಮಿನ ವೆಂಟಿಲೇಟರಿಗೂ ಹಾಕಿಸಿದೆ. ಸೊಳ್ಳೆ ಬತ್ತಿಯ ಹೊಗೆ ಅವಳಿಗೆ ಆಗುತ್ತಿರಲಿಲ್ಲ, ಅದನ್ನು ಬಿಟ್ಟೆವು. ಮಂಚಕ್ಕೆ ಪರದೆ ಕಟ್ಟಿ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುತ್ತಿದ್ದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದುದರಿಂದ ಹಿತ್ತಲಲ್ಲಿ ತುಂಬಿಡುತ್ತಿದ್ದ ಡ್ರಮ್ಮುಗಳಿಗೆ ಮುಚ್ಚಳದ ಮೇಲೆ ಹಳೆಯ ಪಂಚೆ ಬಿಗಿದು ಕಟ್ಟಿದೆ. ಹೂವಿನ ಕುಂಡಗಳ ಕೆಳಗಿನ ತಟ್ಟೆಗಳನ್ನು ಎತ್ತಿ ಬಿಸಾಡಿದೆ.

ಸಂಜೆ ಹೊತ್ತು ಅಪ್ಪ ಬೇವಿನ ಸೊಪ್ಪನ್ನು ಕೆಂಡದ ಮೇಲೆ ಹಾಕಿ ಹಜಾರಕ್ಕೆಲ್ಲ ಹೊಗೆ ಹಿಡಿಯುತ್ತಿದ್ದರು. ಆಮೇಲೆ ಸೊಳ್ಳೆ ಬ್ಯಾಟು ಹಿಡಿದು ರೂಮಿನ ಬಾಗಿಲಲ್ಲಿ ಕೂರುತ್ತಿದ್ದರು.

"ಅಪ್ಪ, ಸೆಕ್ಯೂರಿಟಿ ಡ್ಯೂಟಿ ಮುಗೀತಾ?" ಎಂದು ತಂಗಿ ಪರದೆಯೊಳಗಿಂದ ಕೂಗುತ್ತಿದ್ದಳು.

"ಇಲ್ಲಮ್ಮ. ಓವರ್‌ಟೈಮ್."

"ಒಂದಾದ್ರೂ ಹೊಡೆದ್ರಾ ಇವತ್ತು?"

"ನನ್ನ ನೋಡಿದ್ರೆ ಹೆದರಿ ಬರಲ್ಲ ಕಣೇ ಅವು."

ಅದೇ ವಾರ ಅಪ್ಪನಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಮೈಕೈ ನೋವು ಎಂದರು. ವಿಜಯನಗರದ ಮಾರ್ಕೆಟ್ಟಿಗೆ ಮಟಮಟ ಮಧ್ಯಾಹ್ನ ನಡೆದು ಹೋಗಿ ಬಂದಿದ್ದರು. ಬಿಸಿಲಿನ ಜ್ವರ ಎಂದು ಅವರೇ ತೀರ್ಮಾನಿಸಿದರು. ಕಷಾಯ ಕುಡಿದು, ಮಧ್ಯಾಹ್ನಗಳಲ್ಲಿ ತಂಪೆಂದು ಅಮ್ಮನ ರೂಮಿನ ನೆಲದ ಮೇಲೆ ಚಾಪೆ ಹಾಸಿ ಹೂಜಿಯ ಪಕ್ಕ ಮಲಗುತ್ತಿದ್ದರು. ಕೆಲವು ದಿನಕ್ಕೆ ಜ್ವರ ಬಿಟ್ಟಿತು.

ಆ ದಿನಗಳಲ್ಲೇ ತಂಗಿಯ ಕಾಲ ಮೇಲೆ ಕಡಿತ ಕಾಣಿಸಿಕೊಂಡಿತು. ಹರಡಿನ ಸುತ್ತ ಕೆಂಪು ಗುಳ್ಳೆಗಳು, ಬಿಗಿಯಾದ ಗೆಜ್ಜೆ ಕಟ್ಟಿ ಬಿಚ್ಚಿದ ಹಾಗೆ. ಪರದೆಯಲ್ಲಿ ತೂತಿರಬೇಕೆಂದು ಬೆಳಕಿಗೆ ಹಿಡಿದು ನೋಡಿದೆ, ಇರಲಿಲ್ಲ. ಕಿಟಕಿಯ ಜಾಲರಿಯ ಅಂಚಿಗೆ ಟೇಪು ಹಚ್ಚಿದೆ. ಮರುದಿನ ಮತ್ತೆ ಕಡಿತ; ಎರಡು ವಾರವಾದರೂ ನಿಲ್ಲಲಿಲ್ಲ. ಒಂದು ದಿನ ಲೋಳೆಸರ ಕೊಯ್ದು ತಂದು ಹಚ್ಚುತ್ತಿದ್ದಾಗ ತಂಗಿ ಮೆಲ್ಲಗೆ ಹೇಳಿದಳು.

"ಅಕ್ಕ, ರಾತ್ರಿ ಕಚ್ಚಲ್ಲ ಕಣೇ. ಪರದೆ ಒಳಗೆ ಇರೋವಾಗ ಏನೂ ಇಲ್ಲ. ಬೆಳಗ್ಗೆ ಕೂತು ಕಾಫಿ ಕುಡೀತೀನಲ್ಲ, ಆವಾಗ."

"ಹಗಲು ಹೊತ್ತು ಎಲ್ಲಿಂದ ಬರುತ್ತೆ? ಎಲ್ಲಾ ಮುಚ್ಚಿದೆ."

"ಅದೇ. ಹೊರಗಿಂದ ಬರ್ತಾ ಇಲ್ಲ ಅನ್ಸುತ್ತೆ."

ಅವಳು ನಗುತ್ತಿರಲಿಲ್ಲ. ಮೂಲೆಯ ಕಡೆ ನೋಡುತ್ತಿರಲಿಲ್ಲ ಕೂಡ. ನೋಡದಿರಲು ಪ್ರಯತ್ನಿಸುತ್ತಿದ್ದಾಳೆ ಎಂದು ನನಗೆ ತಿಳಿಯಿತು.

ಮರುದಿನ ಬೆಳಗ್ಗೆ ಅವಳನ್ನು ಹಜಾರದಲ್ಲಿ ಕೂರಿಸಿ, ಬ್ಯಾಟು ಹಿಡಿದು ಒಬ್ಬಳೇ ಆ ರೂಮಿಗೆ ಹೋದೆ. ಮಂಚದ ಕೆಳಗೆ, ಬೀರುವಿನ ಹಿಂದೆ, ನೇತುಹಾಕಿದ್ದ ಅಮ್ಮನ ಸೀರೆಗಳ ಮಡಿಕೆಗಳಲ್ಲಿ ಹುಡುಕಿದೆ. ಸಿಕ್ಕಿದವನ್ನೆಲ್ಲ ಹೊಡೆದೆ. ಸಣ್ಣ ಕಪ್ಪು ಸೊಳ್ಳೆಗಳು, ಕಾಲುಗಳ ಮೇಲೆ ಬಿಳಿ ಪಟ್ಟೆ. ಸದ್ದು ಮಾಡುವ ಜಾತಿಯಲ್ಲ ಅವು. ಒಂದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಬಾಗಿಲು ಎಳೆದುಕೊಂಡು ಸಂದಿಗೆ ಒದ್ದೆ ಬಟ್ಟೆ ಒತ್ತಿದೆ. ಮಧ್ಯಾಹ್ನದ ಊಟದವರೆಗೆ ಯಾರೂ ಒಳಗೆ ಹೋಗಲಿಲ್ಲ.

ಬಾಗಿಲು ತೆರೆದಾಗ ರೂಮು ಬಿಟ್ಟುಹೋದ ಹಾಗೆಯೇ ಇತ್ತು. ತೆಂಗಿನ ಗರಿಯ ನೆರಳು ನೆಲದ ಮೇಲೆ ಅಲ್ಲಾಡುತ್ತಿತ್ತು. ಹೂಜಿಯ ಮೇಲಿನ ಗೋಡೆಯಲ್ಲಿ ಸೊಳ್ಳೆಗಳು ಕೂತಿದ್ದವು. ಬೆರಳು ಹತ್ತಿರ ತಂದರೂ ಹಾರಲಿಲ್ಲ. ಅವುಗಳ ಮೈ ಇನ್ನೂ ಮಾಸಲು ಬಣ್ಣದಲ್ಲಿತ್ತು, ರೆಕ್ಕೆ ಗಟ್ಟಿಯಾದಂತೆ ಕಾಣಲಿಲ್ಲ. ಅವು ಎಲ್ಲಿಂದಲೂ ಬಂದವಲ್ಲ, ಆಗಷ್ಟೇ ಹುಟ್ಟಿದವು.

ನಾನು ಹೂಜಿಯ ಹತ್ತಿರ ಬಗ್ಗುವಷ್ಟರಲ್ಲಿ ಹಜಾರದಿಂದ ತಂಗಿ ಕರೆದಳು. ಮೈ ಬಿಸಿಯಾಗಿದೆ, ಚಳಿ ಆಗುತ್ತಿದೆ ಎಂದಳು. ಮುಟ್ಟಿದೆ. ಸುಡುತ್ತಿತ್ತು.

ರಕ್ತದ ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಪ್ಲೇಟ್‌ಲೆಟ್ ಇಳಿಯಲು ಶುರುವಾಗಿತ್ತು. ಆಸ್ಪತ್ರೆಗೆ ಸೇರಿಸಿಕೊಂಡರು. ಮಗು ಆಡುವುದು ಕಡಿಮೆಯಾಗಿದೆ ಎಂದು ತಂಗಿ ಹೇಳಿದಾಗ ಹೊಟ್ಟೆಯ ಮೇಲೆ ಪಟ್ಟಿ ಕಟ್ಟಿ ಅದರ ಎದೆಬಡಿತ ನೋಡಿದರು. ಸದ್ಯಕ್ಕೆ ಸರಿಯಿದೆ, ಜ್ವರ ಬಿಡುವ ಹೊತ್ತೇ ಅಪಾಯದ್ದು, ಕಾಯಬೇಕು ಎಂದರು. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಅಪ್ಪನನ್ನು ಕೇಳಿದರು.

"ಮನೇಲಿ ಬೇರೆ ಯಾರಿಗಾದ್ರೂ ಇತ್ತೀಚೆಗೆ ಜ್ವರ ಬಂದಿತ್ತಾ ಸಾರ್?"

"ನನಗೆ ಬಂದಿತ್ತಮ್ಮ. ಬಿಸಿಲಿನ ಜ್ವರ."

"ಕಣ್ಣಿನ ಹಿಂದೆ ನೋವಿತ್ತಾ?"

ಅಪ್ಪ ಹೌದೆಂದು ತಲೆಯಾಡಿಸಿದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ನಿಮಗೂ ಇದೇ ಬಂದಿರಬಹುದು. ಜ್ವರ ಇರೋರನ್ನ ಕಚ್ಚಿದ ಸೊಳ್ಳೆನೇ ಆಮೇಲೆ ಇನ್ನೊಬ್ಬರಿಗೆ ತರೋದು. ಇದು ಹಗಲು ಕಚ್ಚೋ ಸೊಳ್ಳೆ, ಜಾಸ್ತಿ ದೂರ ಹೋಗಲ್ಲ. ಮನೆ ಒಳಗೇ ಎಲ್ಲೋ ಒಳ್ಳೆ ನೀರು ನಿಂತಿರುತ್ತೆ, ನೋಡಿ."

"ಮೋರಿ ನೀರಲ್ವಾ?" ಎಂದು ಅಪ್ಪ ಕೇಳಿದರು.

"ಇದಕ್ಕೆ ಕ್ಲೀನಾಗಿರೋ ನೀರೇ ಬೇಕು ಸಾರ್."

ತಂಗಿಯ ಗಂಡ ಹುಬ್ಬಳ್ಳಿಯಿಂದ ಬಂದು ಅವಳ ಪಕ್ಕ ಕೂತ ಮೇಲೆ ನಾನೂ ಅಪ್ಪನೂ ಮನೆಗೆ ಬಂದೆವು. ನಾನು ನೇರವಾಗಿ ಆ ರೂಮಿಗೆ ಹೋಗಿ ಮೊಬೈಲಿನ ಟಾರ್ಚನ್ನು ಹೂಜಿಯ ಬಾಯಿಯೊಳಗೆ ಬಿಟ್ಟೆ. ಅಪ್ಪ ಹಿಂದೆ ನಿಂತಿದ್ದರು.

ಮೊದಲು ನೀರು ಮಾತ್ರ ಕಂಡಿತು. ಕೈ ಅಲ್ಲಾಡಿಸದೆ ಕಾದೆ. ಆಮೇಲೆ ಕತ್ತಲೊಳಗಿಂದ ಒಂದು ಕೂದಲೆಳೆಯಂಥದ್ದು ಮೈ ಮುರಿಯುತ್ತ ಮೇಲೆ ಬಂತು. ನೀರಿನ ಮೇಲ್ಮೈಗೆ ಬಾಲ ತಾಗಿಸಿ ತಲೆಕೆಳಗಾಗಿ ನೇತಾಡಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹಲವು, ಹೂಜಿಯ ಒಳಮೈಯ ಸುತ್ತಲೂ. ನನ್ನ ನೆರಳು ಅಲ್ಲಾಡಿದ ಕೂಡಲೇ ಎಲ್ಲವೂ ಒಟ್ಟಿಗೆ ತಳಕ್ಕೆ ಇಳಿದವು. ನೀರು ಮತ್ತೆ ಖಾಲಿಯಾಗಿ ಕಂಡಿತು.

ಹಿಂದೆ ಸರಿದು ಟಾರ್ಚನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಸೋಸಿದ್ರೆ?" ಎಂದರು.

"ಸೋಸಿದ್ರೆ ಹುಳ ಹೋಗುತ್ತೆ ಅಪ್ಪ. ಮೊಟ್ಟೆ ಒಳಗಡೆ ಮಣ್ಣಿಗೆ ಅಂಟಿರುತ್ತೆ. ಕೈ ಹೋಗಲ್ಲ, ತಿಕ್ಕೋಕಾಗಲ್ಲ. ಒಣಗಿಸಿದ್ರೂ ಸಾಯಲ್ಲ, ನೀರು ಬಿದ್ರೆ ಮತ್ತೆ ಬರುತ್ತೆ."

"ಹಂಗಾದ್ರೆ?"

ಒಡೆಯುವುದೊಂದೇ ದಾರಿ. ಅವರಿಗೆ ತಿಳಿದಿತ್ತು. ಅವರು ಚಾಪೆಯ ಮೇಲೆ ಕೂತರು. ಮಾತು ಶುರು ಮಾಡಿದಾಗ ನನ್ನ ಕಡೆ ನೋಡುತ್ತಿರಲಿಲ್ಲ.

"ಅವತ್ತು ಚಿತಾಗಾರದಲ್ಲಿ ಮಡಕೆ ಭುಜದ ಮೇಲಿಂದ ಹಿಂದಕ್ಕೆ ಹಾಕಿ ಒಡೆದ್ನಲ್ಲ. ತಿರುಗಿ ನೋಡದೆ ಹೋಗಬೇಕು ಅಂದ್ರು ಪುರೋಹಿತರು. ನಾನು ನೋಡ್ಬಿಟ್ಟೆ ಕಣಮ್ಮ. ಯಾರೂ ಗಮನಿಸಲಿಲ್ಲ. ಅದಕ್ಕೇ ಅವಳು ನನ್ನ ಜೊತೆ ಬಂದಳು, ಹೋಗಲಿಲ್ಲ ಅಂದ್ಕೊಂಡೆ. ನೀರು ಇಳಿಯೋದು ನೋಡಿ ಖುಷಿಯಾಗಿತ್ತು ನನಗೆ. ಇದನ್ನ ಸಾಕ್ತಾ ಇದ್ದೆ ನಾನು."

ಹೂಜಿಯನ್ನು ಎತ್ತಲು ನಾನು ಮುಂದಾದೆ. ಅವರು ತಡೆದು ತಾವೇ ಎತ್ತಿಕೊಂಡರು. ಎರಡು ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು. ಅದರ ಬೆವರು ಅಂಗಿಗೆ ಹತ್ತಿತು. ಹಿತ್ತಲಿನ ಕಾಂಕ್ರೀಟಿನ ಮೇಲೆ, ಬಿಸಿಲು ನೇರ ಬೀಳುವ ಕಡೆ, ಅವರು ನನಗೆ ಬೆನ್ನು ಮಾಡಿ ನಿಂತರು. ಹೂಜಿಯನ್ನು ಭುಜಕ್ಕೆ ಏರಿಸಿದರು. ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಕೈ ಬಿಟ್ಟರು.

ಒಡೆದ ಸದ್ದಿಗೆ ಪಕ್ಕದ ಮನೆಯ ಪಾರಿವಾಳಗಳು ಎದ್ದವು. ಅಪ್ಪ ತಿರುಗಿ ನೋಡದೆ ಹಿತ್ತಲ ಗೇಟಿನಿಂದ ಹೊರಗೆ ನಡೆದರು. ನಾನು ನೋಡಿದೆ. ಕಾದ ಕಾಂಕ್ರೀಟಿನ ಮೇಲೆ ನೀರು ಹರಡಿ, ಅಂಚಿನಿಂದ ಒಣಗುತ್ತ ಬಂತು. ಅದರೊಳಗೆ ಅವು ಸಣ್ಣಗೆ ಚಿಮ್ಮುತ್ತಿದ್ದವು. ಒಂದೊಂದಾಗಿ ನಿಂತವು. ಚೂರುಗಳನ್ನು ಆರಿಸಿ ಅಂಟಿದ ಮೊಟ್ಟೆಗಳು ಸಾಯಲೆಂದು ನೀರು ಕುದಿಸಿ ತಂದು ಅವುಗಳ ಮೇಲೆ ಸುರಿದೆ. ಯಾರಿಗೋ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ ಅನ್ನಿಸುತ್ತಿತ್ತು.

ಆಮೇಲೆಯೂ ತಂಗಿಯ ಪ್ಲೇಟ್‌ಲೆಟ್ ಇಳಿಯಿತು. ರಕ್ತ ಕೊಡಲು ತಯಾರಿರಿ ಎಂದು ಒಂದು ಬೆಳಗ್ಗೆ ಹೇಳಿದರು. ಅಪ್ಪ ಆಸ್ಪತ್ರೆಯ ಕಾರಿಡಾರಿನ ಬೆಂಚು ಬಿಟ್ಟು ಏಳಲಿಲ್ಲ, ನೀರು ಕೊಟ್ಟರೂ ಕುಡಿಯಲಿಲ್ಲ. ಆಮೇಲೆ ಏರತೊಡಗಿತು. ರಕ್ತ ಬೇಕಾಗಲಿಲ್ಲ. ಮಗು ಒದೆಯುತ್ತಿದೆ ಎಂದು ತಂಗಿ ಅಪ್ಪನ ಕೈಯನ್ನು ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅವರು ಕೈಯನ್ನು ಬೇಗ ತೆಗೆದರು.

ಮನೆಗೆ ಬಂದ ದಿನ ಅವಳು ಮತ್ತೆ ಅಮ್ಮನ ರೂಮಿಗೇ ಹೋದಳು. ಖಾಲಿ ಮೂಲೆಯನ್ನು ನೋಡಿ ನಿಂತಳು.

"ಹೂಜಿ ಎಲ್ಲಿ?"

"ಒಡೆದೆ," ಎಂದರು ಅಪ್ಪ. "ಸೊಳ್ಳೆ ಆಗಿತ್ತು ಅದರಲ್ಲಿ. ನಿನ್ನ ಕಚ್ಚಿದ್ದು ಅವೇ. ಬಾಗಿಲಲ್ಲಿ ಬ್ಯಾಟು ಹಿಡ್ಕೊಂಡು ಕೂತು, ಒಳಗೆ ನಾನೇ ನೀರು ಹಾಕಿ ಬೆಳೆಸ್ತಾ ಇದ್ದೆ."

ತಂಗಿ ಮಂಚದ ಮೇಲೆ ನಿಧಾನವಾಗಿ ಕೂತಳು. ಅವಳು ಅಳುತ್ತಾಳೆಂದು ನಾನು ಹತ್ತಿರ ಹೋದೆ.

"ಅಮ್ಮ ಇದ್ದಿದ್ರೆ ಬಿಡ್ತಿದ್ಲಾ ನಿಮ್ಮನ್ನ?" ಎಂದಳು. "ಪೊರಕೆ ತಗೋತಿದ್ಲು."

"ತಗೋತಿದ್ಲು," ಎಂದರು ಅಪ್ಪ. "ನನಗೇ ಮೊದಲು ಬೀಳ್ತಿತ್ತು."

ಮೂವರೂ ನಕ್ಕೆವು. ನಗು ನಿಂತ ಮೇಲೆ ಯಾರೂ ಹೇಳದಿದ್ದರೂ ಮೂವರೂ ಕಿವಿಗೊಟ್ಟು ಕೂತೆವು. ರೂಮಿನಲ್ಲಿ ಸೊಳ್ಳೆಯೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಅಪ್ಪನಿಗೂ ಅದು ಗೊತ್ತಾಯಿತು. ಅವರು ಎದ್ದು ಹೋಗಿ ಕಿಟಕಿ ತೆರೆದರು.