ಅತ್ತೆಯ ಹಂಚಿನ ಮೇಲೆ ಹನ್ನೆರಡು ತೋಟಾ

ಮದುವೆಯಾಗಿ ಮೂರು ವರ್ಷ ಕಳೆದರೂ ಮಾವನ ಮನೆಯಲ್ಲಿ ಯಾರೂ ನನಗೊಂದು ಕೆಲಸ ಹೇಳಿರಲಿಲ್ಲ. ಹುನಗುಂದ ತಾಲ್ಲೂಕಿನ ಆ ಊರಿಗೆ ಹೋದರೆ ಸಾಕು, ಕಟ್ಟೆಯ ಮೇಲೆ ಕಂಬಳಿ ಹಾಸುತ್ತಿದ್ದರು, ಚಹಾ ಬರುತ್ತಿತ್ತು, ಆಮೇಲೆ ಎಲ್ಲರೂ ತಂತಮ್ಮ ಕೆಲಸಕ್ಕೆ ಹೊರಡುತ್ತಿದ್ದರು. ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬೆಳೆದವನು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಕುರಿ ಹಿಡಿಯಲು ಬಾರದು, ಕುಂಟೆ ಹೊಡೆಯಲು ಬಾರದು. ಮಾವ ಮರ್ಯಾದೆಯನ್ನೇನೋ ಕೊಡುತ್ತಿದ್ದರು, ಆದರೆ ಅದು ಊರಿಗೆ ಬಂದ ಸಾಹೇಬರಿಗೆ ಕೊಡುವ ಮರ್ಯಾದೆ. ನನಗೋ ಆ ಮನೆಯವನಾಗುವ ಆಸೆ.

ಹಾಗಾಗಿ ಹೋದ ವರ್ಷ ಮಾವ ಒಂದು ಅರಿವೆಯ ಗಂಟು ತಂದು ನನ್ನ ಮುಂದಿಟ್ಟಾಗ ಆದ ಸಂತೋಷ ಅಷ್ಟಿಷ್ಟಲ್ಲ. ಅದರಲ್ಲಿ ಬಂದೂಕಿನ ಹನ್ನೆರಡು ಹಿತ್ತಾಳೆ ತೋಟಾ ಇದ್ದವು. ಹಾರಿಸಿ ಖಾಲಿಯಾಗಿ, ಹೊಗೆ ಹಿಡಿದು ಕಪ್ಪಾದ ಕೊಳವೆಗಳು. ಮರೋಳದ ಏತ ನೀರಾವರಿಯ ನೀರು ಹೊಲಕ್ಕೆ ಬಂದ ಮೇಲೆ ಮೆಕ್ಕೆಜೋಳ ಬಂತು, ಮೆಕ್ಕೆಜೋಳದ ಹಿಂದೆ ಕಾಡುಹಂದಿ ಬಂದವು. ಮಾವನ ಹತ್ತಿರ ಲೈಸೆನ್ಸು ಇರುವ ಹಳೆಯ ಬಂದೂಕಿದೆ. ಹಂದಿ ಬೆದರಿಸಲು ಗುಂಡಿಲ್ಲದೆ ಬರೀ ಮದ್ದು ತುಂಬಿ ಹಾರಿಸುತ್ತಾರೆ. ಈಗ ಸಿಗುವ ಪ್ಲಾಸ್ಟಿಕ್ ತೋಟಾ ಅವರಿಗೆ ಸೇರುವುದಿಲ್ಲ. ಹಿತ್ತಾಳೆಯದಾದರೆ ತೊಳೆದು ಮತ್ತೆ ತುಂಬಬಹುದು. ಅವರ ಅಪ್ಪ ಬಿಟ್ಟುಹೋದ ಆ ಹನ್ನೆರಡು ಹಾಳಾದರೆ ಬೇರೆ ಎಲ್ಲೂ ಸಿಗುವ ಹಾಗಿರಲಿಲ್ಲ.

ನೀವು ಕೆಮಿಸ್ಟ್ರಿ ಸರ್ ಇದ್ದೀರಿ, ಇವನ್ನಷ್ಟು ತೊಳೆದು ಒಣಗಿಸಿಡಿ ಎಂದು ಹೇಳಿ ಮಾವ ಕುರಿಗಳ ಹಿಂದೆ ಹೋದರು.

ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ, ಎರಡು ದಿನ ನೆರಳಲ್ಲಿಡಿ ಎಂದು ಅತ್ತೆ ಹೇಳಿದರು. ಹುಣಸೆಹಣ್ಣು ಹಿತ್ತಾಳೆಯ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಅವರಿಗೇ ಪಾಠ ಮಾಡಿದೆ. ನಲವತ್ತು ವರ್ಷ ದೇವರ ಸಾಮಾನು ತಿಕ್ಕಿದ ಹೆಂಗಸು ಪಾಪ, ಕೊನೆಯವರೆಗೂ ಕೇಳಿದರು. ಮದ್ದಿಗೆ ಕಿಡಿ ಕೊಡುವ ತಳದ ಸುಟ್ಟ ಕ್ಯಾಪನ್ನು ಮೊಳೆಯಿಂದ ತಳ್ಳಿ ತೆಗೆದೆ. ಒಳಗಿನ ಮಸಿಗೆ ಸಣ್ಣ ಬ್ರಶ್ ಬೇಕಾಗಿತ್ತು. ಮಗಳ ಹಾಲಿನ ಬಾಟಲಿ ತೊಳೆಯುವ ಬ್ರಶ್ ಸರಿಯಾಗಿ ಹೊಂದಿತು. ಹೆಂಡತಿ ಅದನ್ನು ನೋಡಿ ಬ್ರಶ್ಶನ್ನು ತಿಪ್ಪೆಗೆ ಎಸೆದಳು. ನನ್ನನ್ನು ಎಸೆಯಲಿಲ್ಲ, ಅಷ್ಟೇ.

ತೋಟಾ ಫಳಫಳ ಹೊಳೆದವು. ಆದರೆ ಎರಡು ದಿನ ಕಾಯುವ ತಾಳ್ಮೆ ಯಾರಿಗಿದೆ? ಸಂಜೆ ಮಾವ ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು. ಅತ್ತೆ ಹಿತ್ತಲಿಗೆ ಹೋದದ್ದೇ ತಡ, ರೊಟ್ಟಿ ಹಂಚನ್ನು ಗ್ಯಾಸಿನ ಮೇಲಿಟ್ಟು, ಹನ್ನೆರಡನ್ನೂ ಸಾಲಾಗಿ ನಿಲ್ಲಿಸಿ, ಉರಿ ದೊಡ್ಡದು ಮಾಡಿದೆ. ನೀರು ಆರಿತು. ಹಿತ್ತಾಳೆ ಮೊದಲು ಕೆಂಪಾಯಿತು, ಆಮೇಲೆ ನೀಲಿ ತಿರುಗಿತು. ಎಂಥ ಬಣ್ಣ! ಫೋಟೊ ತೆಗೆದು ಭೌತಶಾಸ್ತ್ರದ ಸಹೋದ್ಯೋಗಿಗೆ ಕಳಿಸಿದೆ. ಅವರೂ ಹೆಬ್ಬೆರಳೆತ್ತಿದರು.

ಸಂಜೆ ತಾಟಿನಲ್ಲಿ ಜೋಡಿಸಿ ಮಾವನ ಮುಂದೆ ಹಿಡಿದೆ. ಅವರು ಒಂದನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಕ್ಕಳ ತಂದು ಹಿಚುಕಿದರು. ಬಿಸಿ ರೊಟ್ಟಿ ಮಡಚಿದಂತೆ ಮಡಚಿತು.

"ಬುಡಾ ಕಾಯ್ದ ಹಿತ್ತಾಳಿ ಮೆತ್ತಗ ಆಗ್ತೈತ್ರಿ" ಎಂದರು. "ಇನ್ನ ಇದನ್ನ ಹಾರಿಸಿದ್ರ ಹಂದಿ ಹೋಗೂದಿಲ್ಲ, ನಾ ಹೋಗ್ತೇನಿ."

ಲೋಹ ಕಾಸಿದರೆ ಮೆದುವಾಗುತ್ತದೆ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು. ತಪ್ಪಾಯಿತು ಎಂದೆ. ಅವರ ಅಪ್ಪ ಜೋಪಾನ ಮಾಡಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕೆಡಿಸಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇನ್ನು ಈ ಮನೆಯಲ್ಲಿ ನನ್ನ ಕೈಗೆ ಚಹಾದ ಕಪ್ಪು ಬಿಟ್ಟು ಬೇರೇನೂ ಬರುವುದಿಲ್ಲ ಎನಿಸಿತು. ಎಲ್ಲಿ ಕಾಸಿದಿರಿ ಎಂದು ಮಾವ ಕೇಳಿದರು. ಹೇಳಿದೆ. ಒಳಗಿಂದ ಅತ್ತೆ ಹೌಹಾರಿ ಹಂಚು ತಿಕ್ಕಲು ಶುರು ಮಾಡಿದರು. ಮಾವನ ಭುಜ ಅಲುಗಿತು. ಅಳುತ್ತಿದ್ದಾರೇನೋ ಎಂದು ಹೆದರಿದೆ, ನಗುತ್ತಿದ್ದರು. ನನ್ನೆದುರು ಅವರು ನಕ್ಕದ್ದು ಅದೇ ಮೊದಲು.

ಮರುದಿನ ಮುಂಜಾನೆ ಮಾವ ಉಳಿದ ಹನ್ನೊಂದನ್ನು ಹರವಿಕೊಂಡು ಕೂತರು. ಕ್ಯಾಪು ತೆಗೆದ ತೂತಿನಲ್ಲಿ ದಾರ ಪೋಣಿಸಿ, ಒಳಗೊಂದು ಮೊಳೆ ಇಳಿಬಿಟ್ಟು ಅಲುಗಿಸಿದರು. ಟಿಣ್ ಎಂದಿತು. ಕುರಿಗಳ ಕೊರಳಿಗೆ ಗಂಟೆಯಾದವು. ಕಟ್ಟುವ ಕೆಲಸ ನನಗೆ ಬಂತು. ಮೂರು ಕುರಿಗೆ ಕಟ್ಟುವಷ್ಟರಲ್ಲಿ ಟಗರೊಂದು ಗುದ್ದಿ ನನ್ನನ್ನು ಹಿಕ್ಕೆಯ ಮೇಲೆ ಕೆಡವಿತು. ಎಬ್ಬಿಸಲು ಯಾರೂ ಓಡಿ ಬರಲಿಲ್ಲ. ಕೊಂಬು ಹಿಡಿಯಬೇಡಿ, ಕಾಲು ಹಿಡಿಯಿರಿ ಎಂದು ಮಾವ ಕೂತಲ್ಲಿಂದಲೇ ಹೇಳಿದರು. ಎದ್ದು ಮತ್ತೆ ಹಿಡಿದೆ. ಮಧ್ಯಾಹ್ನದವರೆಗೆ ಐದಾದವು.

"ಉಳದಾವು ನಾಳಿಗೆ ಕಟ್ಟೂಣು" ಎಂದರು ಮಾವ. "ನಿಮ್ಮ ಕಾಲೇಜ್ ರಜಾ ಐತೇನ್ರಿ?"

ಇರಲಿಲ್ಲ. ಐತ್ರಿ ಎಂದೆ.