ಎಳೆದವಳು, ನಿಂತವಳು

ಕಾಲೇಜಿನಲ್ಲಿದ್ದಾಗ ಒಂದು ವೈಜ್ಞಾನಿಕ ಕಾದಂಬರಿ ಓದಿ, ತಲೆಬುಡ ತಿಳಿಯದೆ, ‘ಅದ್ಭುತ’ ಎಂದು ಗೆಳತಿಯರಿಗೆಲ್ಲ ಹೇಳಿದ್ದೆ. ಸತ್ತವನೊಬ್ಬನ ನೆನಪುಗಳನ್ನೆಲ್ಲ ಹೊಸ ದೇಹಕ್ಕೆ ತುಂಬಿ ಮನೆಗೆ ಕಳಿಸುತ್ತಾರೆ. ಬಂದವನು ಅವನೇನಾ? ಹೆಂಡತಿ ಪುಟಗಟ್ಟಲೆ ಪರೀಕ್ಷಿಸುತ್ತಾಳೆ. ಈಗ ಮತ್ತೆ ಓದುತ್ತಿದ್ದೇನೆ. ಈ ಸಲವೂ ಅರ್ಥವಾಗುತ್ತಿಲ್ಲ. ಆದರೆ ಈ ಸಲ ಅರ್ಥವಾಗಲೇಬೇಕು.

ಕಾರಣ ಶಿವಗಂಗೆ. ಹೋದ ತಿಂಗಳು ಬೆಟ್ಟದ ಕಡಿದಾದ ಮೆಟ್ಟಿಲಲ್ಲಿ ನನ್ನ ಗಂಡ ಜಾರಿದರು. ಬೆನ್ನಿನ ಚೀಲದ ಪಟ್ಟಿ ಕಬ್ಬಿಣದ ಕಂಬಿಗೆ ಸಿಕ್ಕಿಕೊಂಡಿತು, ಕಾಲಿಗೆ ಮೆಟ್ಟಿಲು ಸಿಕ್ಕಿತು, ಬದುಕಿದರು. ಎರಡು ಮಾರು ದೂರದಲ್ಲಿದ್ದ ನಾನು ಕೈ ಚಾಚಲಿಲ್ಲ, ಕೂಗಲೂ ಇಲ್ಲ. ಬಂಡೆಯ ಹಾಗೆ ನಿಂತಿದ್ದೆ. ಈಗ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಅವರು ಮತ್ತೆ ಮತ್ತೆ ಜಾರುತ್ತಾರೆ. ನಾನು ಮತ್ತೆ ಮತ್ತೆ ನಿಲ್ಲುತ್ತೇನೆ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಾತ್ರ ಬೇರೆಯೇ ಕಥೆ. “ಇವಳು ಚೀಲ ಹಿಡಿದು ಎಳೀದೇ ಇದ್ದಿದ್ರೆ ನಾನಿವತ್ತು ಫೋಟೋದಲ್ಲಿ ಇರ್ತಿದ್ದೆ” ಎಂದು ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು. ಭಯದಲ್ಲಿ ಹಾಗೆ ಅನ್ನಿಸಿರಬೇಕು ಎಂದುಕೊಂಡು ನಾನು ಬಾಯಿ ಬಿಡಲಿಲ್ಲ. ಅತ್ತೆ ಹೋಳಿಗೆ ಬಡಿಸಿದ್ದು ಎಳೆದವಳಿಗೆ, ತಿಂದವಳು ನಿಂತವಳು. ಅಂದು ಕಾಶಿಯಲ್ಲಿ ಕಂಡವನೇ ಇಂದು ಊರಿನಲ್ಲಿ ಕಂಡವನೂ ಎಂದು ಗೊತ್ತಾಗುವುದು ಹೇಗೆಂದು ನಮ್ಮ ತರ್ಕಪಂಡಿತರು ತಲೆ ಕೆಡಿಸಿಕೊಂಡಿದ್ದರಂತೆ. ಅವರಿಗೆ ಯಾರು ಹೋಳಿಗೆ ಬಡಿಸಿದ್ದರೋ!

ಆಮೇಲೆ ಅತ್ತೆ ಇಬ್ಬರಿಗೂ ದೃಷ್ಟಿ ತೆಗೆದರು. ನಿವಾಳಿಸಿದ ಒಣಮೆಣಸಿನಕಾಯಿ ಕೆಂಡದಲ್ಲಿ ಘಾಟಾಗದಿದ್ದರೆ ದೃಷ್ಟಿ ಜೋರಾಗಿತ್ತೆಂದು ಲೆಕ್ಕ. ಗಂಡನ ಮೆಣಸಿನಕಾಯಿ ಕಮಕ್ ಕಿಮಕ್ ಎನ್ನಲಿಲ್ಲ. ನನ್ನದಕ್ಕೆ ಪಕ್ಕದ ಮನೆಯವರೂ ಕೆಮ್ಮಿದರು.

“ಏನವ್ವಾ, ಇಷ್ಟು ದೊಡ್ಡ ಕೆಲಸ ಮಾಡಿದೀಯ, ಒಬ್ಬರ ಕಣ್ಣೂ ಬಿದ್ದಿಲ್ವಲ್ಲ!” ಎಂದು ಅತ್ತೆ ಬೆರಗಾದರು.

ತಡೆಯಲಾಗಲಿಲ್ಲ. ಗಂಡನನ್ನು ಹಿತ್ತಲಿಗೆ ಕರೆದು ಹೇಳಿದೆ: “ರೀ, ನಾನು ಎಳೀಲಿಲ್ಲ. ಸುಮ್ನೆ ನಿಂತಿದ್ದೆ.”

“ಗೊತ್ತು ಕಣೇ. ನೇತಾಡ್ತಾ ನಿನ್ನ ಮುಖಾನೇ ನೋಡ್ತಿದ್ನಲ್ಲ. ನನಗಿಂತ ಮುಂಚೆ ನೀನೇ ಹೋಗ್ತೀಯೇನೋ ಅನ್ನಿಸ್ತು.”

“ಮತ್ತೆ ಊರಿಗೆಲ್ಲ ಹಾಗ್ಯಾಕೆ ಹೇಳಿದ್ರಿ?”

“ಹೆಂಡ್ತಿ ಏನ್ ಮಾಡ್ತಿದ್ಲು ಅಂತ ಅಮ್ಮ ಕೇಳೋಕ್ ಮುಂಚೆ ಹೇಳ್ಬಿಟ್ಟೆ.”

ಸಾರು ಸಪ್ಪೆಯಾದರೆ ನೆಂಟರ ಮುಂದೆಯೇ ಹೇಳುವ ಮನುಷ್ಯ ಇವರು. ಮದುವೆಯಾದ ಒಂಬತ್ತು ವರ್ಷಗಳಲ್ಲಿ ನನಗಾಗಿ ಒಂದು ಸಣ್ಣ ಸುಳ್ಳನ್ನೂ ಆಡಿದವರಲ್ಲ. ಬೆಟ್ಟ ಹತ್ತಿದವರೇ ಇಳಿದು ಬಂದರೆಂದು ಹೇಗೆ ನಂಬಲಿ? ಕಾದಂಬರಿಯ ಹೆಂಡತಿಯ ಪರೀಕ್ಷೆ ಇನ್ನೂ ಮುಗಿದಿಲ್ಲ. ನನ್ನದನ್ನು ನಾನು ಅಲ್ಲಿಗೇ ಬಿಟ್ಟೆ. ಬಂದವರು ಯಾರೇ ಆಗಿರಲಿ, ಇರಲಿ.