ಬೋರ್ಡು ಓದಿಸುವ ಅಮ್ಮ

ಮಗಳಿಗೆ ಓದು ಹತ್ತದೇ ಹೋದರೆ ಎಂಬ ಭಯ ನಮ್ಮ ಕೆಳಮನೆಯ ಅಮ್ಮನಿಗೆ ಮಗಳು ಹುಟ್ಟುವ ಮೊದಲೇ ಹುಟ್ಟಿರಬೇಕು. ಬಸ್ಸು ಬಂದರೆ ಅವಳು ಹತ್ತುವುದಿಲ್ಲ, ಮೊದಲು ಬೋರ್ಡು ಓದಿಸುತ್ತಾಳೆ; ನಾಲ್ಕು ವರ್ಷದ ಮಗಳು ಎರಡನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಬಸ್ಸು ತಿರುವು ದಾಟಿರುತ್ತದೆ. ಸ್ನಾನ ಮಾಡಿಸುವಾಗ ಸೋಪು ಹಚ್ಚಿದ ಬೆನ್ನ ಮೇಲೆ ಬೆರಳಲ್ಲಿ ಬರೆದು, "ಇದ್ಯಾವ ಅಕ್ಷರ, ಹೇಳು" ಎನ್ನುತ್ತಾಳೆ. ಔಷಧಿ ಕುಡಿಯುವ ಮೊದಲು ಬಾಟಲಿಯ ಹೆಸರು ಓದಬೇಕು, ಅಲ್ಲಿಯವರೆಗೆ ಕೆಮ್ಮು ಕಾಯಬೇಕು. "ಎದುರುಮನೆ ಮಗು ಪೇಪರ್ ಓದುತ್ತಂತೆ ರೀ" ಎಂದು ಅವಳು ದನಿ ತಗ್ಗಿಸಿದರೆ, "ನಮ್ಮವಳು ಇನ್ನೂ ಪೇಪರ್ ಹರೀತಾಳೆ, ಬಿಡೇ. ನಾಳೆನೇ ಕೋರ್ಟಲ್ಲಿ ವಾದ ಮಾಡ್ಬೇಕಾ?" ಎಂದು ಗಂಡ ನಗುತ್ತಾನೆ. ಅವಳು ನಗುವುದಿಲ್ಲ. ಮಗಳು ಗೋಡೆಯ ಮೇಲೆ ಅಲೆಯಂಥ ಗೆರೆಗಳನ್ನೆಳೆದು, ಅವುಗಳ ಮೇಲೆ ಬೆರಳಾಡಿಸುತ್ತ, "ಬೆಕ್ಕಿಗೆ ಜ್ವರ ಬಂತು" ಎಂದು ಗಟ್ಟಿಯಾಗಿ ಓದಿದ ದಿನವೂ, "ಇದು ಅಕ್ಷರ ಅಲ್ಲ ಪುಟ್ಟಾ" ಎಂದು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಳು. ಅಂದಿನಿಂದ ಆ ಗೋಡೆ ಬೆಳ್ಳಗೇ ಇದೆ. ನಿನ್ನೆ ಮಗಳು ಹೊರಗಿನ ಮೆಟ್ಟಿಲ ಮೇಲೆ ಗೊಂಬೆಯನ್ನು ತೊಡೆಗೆ ಒರಗಿಸಿಕೊಂಡು ಪುಸ್ತಕ ಬಿಡಿಸಿದ್ದಳು. ತಾನಾಗಿಯೇ ಓದಲು ಕೂತಿದ್ದಾಳಲ್ಲ ಎಂದು ಅಮ್ಮನ ಮುಖ ಅರಳಿತು. ಸದ್ದು ಮಾಡದೆ ಬಾಗಿಲ ಮರೆಯಲ್ಲಿ ನಿಂತಳು. ಮಗಳು ಗೊಂಬೆಯ ಕೈಯನ್ನು ಹಾಳೆಗೆ ಒತ್ತಿ ಹಿಡಿದು, ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ಅದರ ಕಿವಿಯ ಹತ್ತಿರ ಬಾಗಿದಳು. "ನಿಂಗೆ ಓದೋಕೆ ಬರಲ್ಲ ಅಂತ ಅಮ್ಮಂಗೆ ಹೇಳ್ಬೇಡ, ಆಯ್ತಾ? ಅಮ್ಮಂಗೆ ಭಯ ಆಗುತ್ತೆ."